ಕಡಲ ಬದಿಯ ಮನೆ: ಅಲ್ಲೇ ಮತ್ತೆ ಕಟ್ಟಬೇಕಾ, ಒಳಗೆ ಸರಿಯಬೇಕಾ?

ಕಡಲಬದಿಯವ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ನಿರ್ಧಾರ ಮಾಡಬೇಕಿದೆ, ತಿಳಿದವರ ಮಾತು ಬೇಕು. ನಮ್ಮದು ಉಳ್ಳಾಲದ ದಕ್ಷಿಣಕ್ಕೆ, ಸೋಮೇಶ್ವರ-ಉಚ್ಚಿಲದ ಕಡೆ. ಕಡಲಿಗೂ ಮನೆಗೂ ನಡುವೆ ಮೊದಲು ತೆಂಗಿನ ತೋಟ ಇತ್ತು. ಅದರಾಚೆ ಗಾಳಿಮರ. ಅದರಾಚೆ ದೋಣಿಗಳನ್ನು ಮೇಲಕ್ಕೆ ಎಳೆದಿಡುವಷ್ಟು ಅಗಲದ ಮರಳು. ಈಗ ಗಾಳಿಮರ ಒಂದೂ ಇಲ್ಲ. ತೆಂಗಿನ ಒಂದೇ ಸಾಲು ಉಳಿದಿದೆ, ಅದರಲ್ಲೂ ಅರ್ಧ ಮರಗಳ ಬೇರು ಹೊರಗೆ ಕಾಣುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಅಲೆ ಅಂಗಳಕ್ಕೆ ಬಂತು. ಹಿಂದಿನ ಗೋಡೆ ಬಿರುಕು ಬಿಟ್ಟಿದೆ.

ತಮ್ಮನಿಗೆ ಬ್ಯಾಂಕ್ ಸಾಲ ತೆಗೆದು ಅದೇ ಜಾಗದಲ್ಲಿ ಪಿಲ್ಲರ್ ಎತ್ತಿ ಮನೆ ಕಟ್ಟುವ ಯೋಚನೆ. ಸಾಲದ ಅವಧಿ 20 ವರ್ಷ. ಅಪ್ಪನ ಹತ್ತಿರ ಬಿಟ್ಟು ಹೋಗುವ ಮಾತೇ ಎತ್ತುವ ಹಾಗಿಲ್ಲ. ದೋಣಿ, ಬಲೆ, ದೈವದ ಕಟ್ಟೆ ಎಲ್ಲ ಇಲ್ಲೇ ಇದೆ. ಅಮ್ಮ ಮಾತ್ರ ಮಳೆಗಾಲದ ಆಟಿ ತಿಂಗಳಲ್ಲಿ ರಾತ್ರಿ ಸರಿಯಾಗಿ ಮಲಗುವುದಿಲ್ಲ. ಒಳಗೆ ಎಲ್ಲಾದರೂ ಐದು ಸೆಂಟ್ಸ್ ಜಾಗ ನೋಡೋಣ ಎನ್ನುತ್ತಾರೆ.

ಊರಿನಲ್ಲಿ ಕೇಳಿದರೆ ಅರ್ಧ ಜನ 'ಸಮುದ್ರ ಮಟ್ಟ ಏರುತ್ತಿದೆ, ಏನೂ ಮಾಡಲಿಕ್ಕಾಗುವುದಿಲ್ಲ' ಎನ್ನುತ್ತಾರೆ. ಇನ್ನರ್ಧ ಜನ 'ಇದೆಲ್ಲ ಅಳಿವೆ ಬಾಗಿಲಿಗೆ ಹಾಕಿದ ಕಲ್ಲಿನ ಕೆಲಸ' ಎನ್ನುತ್ತಾರೆ. ಯಾವುದು ನಿಜ? ನಮ್ಮ ಸಾಲ ತೀರುವವರೆಗೆ ಆ ಜಾಗ ಇರುತ್ತದಾ?

ಮರಳುದಿಬ್ಬ:
ನಾನು ಕಡಲ ಕಾಮಗಾರಿಗಳ ಲೆಕ್ಕಾಚಾರದಲ್ಲಿ ಕೆಲಸ ಮಾಡಿದವನು. ಊರವರ ಎರಡೂ ಮಾತು ನಿಜ. ಆದರೆ ಎರಡೂ ಬೇರೆ ಬೇರೆ ವೇಗದಲ್ಲಿ ನಡೆಯುತ್ತವೆ. ನಿಮ್ಮ ನಿರ್ಧಾರಕ್ಕೆ ಈ ವ್ಯತ್ಯಾಸ ತುಂಬಾ ಮುಖ್ಯ.

ಮೊದಲು ಮಟ್ಟದ ವಿಷಯ. 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ ಎಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿ ಹೇಳುತ್ತದೆ. ಶುರುವಿನಲ್ಲಿ ವರ್ಷಕ್ಕೆ 1.3 ಮಿಲಿಮೀಟರ್ ಇತ್ತು. 2006ರ ನಂತರ 3.7 ಆಯಿತು. ಉಪಗ್ರಹದ ಲೆಕ್ಕ ನೋಡಿದರೆ ಕಳೆದ ದಶಕದಲ್ಲಿ ವರ್ಷಕ್ಕೆ ನಾಲ್ಕು ಮಿಲಿಮೀಟರ್ ದಾಟಿದೆ. ಉತ್ತರ ಹಿಂದೂ ಮಹಾಸಾಗರದಲ್ಲಿ 1993ರಿಂದ 2017ರವರೆಗೆ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್. ಮಂಜು ಕರಗುವುದು ಒಂದೇ ಕಾರಣ ಅಂದುಕೊಳ್ಳಬೇಡಿ. ನೀರು ಬಿಸಿಯಾದರೆ ಹಿಗ್ಗುತ್ತದೆ. 1971ರಿಂದ ಆದ ಏರಿಕೆಯಲ್ಲಿ ಸುಮಾರು ಅರ್ಧ ಬರೀ ಈ ಹಿಗ್ಗುವಿಕೆಯಿಂದ ಬಂದದ್ದು.

ಈಗ ಲೆಕ್ಕ ಹಾಕಿ. 20 ವರ್ಷಕ್ಕೆ ಎಂಟು-ಹತ್ತು ಸೆಂಟಿಮೀಟರ್ ಏರಬಹುದು. ಕೇಳಿದರೆ ಗೇಣುದ್ದವೂ ಇಲ್ಲ ಅನಿಸುತ್ತದೆ. ಆದರೆ ನಮ್ಮ ಮರಳಿನ ತೀರ ತುಂಬಾ ಚಪ್ಪಟೆ. ಇಂಥ ತೀರದಲ್ಲಿ ಮಟ್ಟ ಒಂದು ಪಾಲು ಏರಿದರೆ ದಡ ಐವತ್ತರಿಂದ ನೂರು ಪಾಲು ಹಿಂದೆ ಸರಿಯುತ್ತದೆ ಎನ್ನುವುದು ಹಳೆಯ ಒರಟು ಅಂದಾಜು. ಅಂದರೆ ಹತ್ತು ಸೆಂಟಿಮೀಟರ್‌ಗೆ ಐದರಿಂದ ಹತ್ತು ಮೀಟರ್. ಎಲ್ಲ ಕಡೆ ಇದು ಹೀಗೇ ಆಗುವುದಿಲ್ಲ, ಮರಳು ಬಂದು ಹೋಗುವ ಲೆಕ್ಕ ಸೇರಿಸಬೇಕು. ಆದರೂ ಅಂದಾಜಿಗೆ ಸಾಕು.

ಎರಡನೆಯದು ಕಲ್ಲು. ನೇತ್ರಾವತಿ-ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆ ಬಾಗಿಲಲ್ಲಿ ದೋಣಿಗಳಿಗೆ ದಾರಿ ಸಲೀಸಾಗಲಿ ಎಂದು ಎರಡು ಬ್ರೇಕ್‌ವಾಟರ್, ಅಂದರೆ ಅಲೆ ತಡೆಯುವ ಕಲ್ಲಿನ ಗೋಡೆ, ಕಟ್ಟಿದರು. ಮರಳು ದಡದ ಉದ್ದಕ್ಕೂ ಓಡಾಡುತ್ತಲೇ ಇರುತ್ತದೆ, ಋತುವಿಗೆ ತಕ್ಕಂತೆ ದಿಕ್ಕು ಬದಲಾಗುತ್ತದೆ. ನಡುವೆ ಗೋಡೆ ಬಂದರೆ ಆ ಓಡಾಟ ತುಂಡಾಗುತ್ತದೆ. ಉತ್ತರದ ಬೆಂಗ್ರೆ ಕಡೆ ಮರಳು ಕೂತಿತು, ದಕ್ಷಿಣದ ಉಳ್ಳಾಲದ ಕಡೆ ಕೊರೆಯಿತು. ಆಮೇಲೆ ಉಳ್ಳಾಲ ಉಳಿಸಲು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಸಾಲದಲ್ಲಿ ನೀರೊಳಗೆ ದಿಬ್ಬ, ದಡದಲ್ಲಿ ಬರ್ಮ್ ಎನ್ನುವ ಕಲ್ಲಿನ ಏರಿ ಎಲ್ಲ ಮಾಡಿದರು. ಈಗ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯವರು ಕೊರೆತ ತಮ್ಮ ಕಡೆ ಬಂತು ಎನ್ನುತ್ತಿದ್ದಾರೆ. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಕಲ್ಲು ಮರಳನ್ನು ಹುಟ್ಟಿಸುವುದಿಲ್ಲ. ಇರುವ ಮರಳು ಯಾರ ಪಾಲಿಗೆ ಎನ್ನುವುದನ್ನಷ್ಟೇ ಅದು ತೀರ್ಮಾನಿಸುತ್ತದೆ.

ನಿಮ್ಮ ತೆಂಗಿನ ತೋಟ ಹೋದದ್ದು ಬಹುತೇಕ ಮರಳಿನ ಕೊರತೆಯಿಂದ. ಮುಂದಿನ 20 ವರ್ಷದಲ್ಲಿ ಅದರ ಮೇಲೆ ಮಟ್ಟದ ಏರಿಕೆಯೂ ಸೇರುತ್ತದೆ. ಒಂದೇ ಸಾಲು ತೆಂಗು ಉಳಿದಿದೆ ಎಂದರೆ ನಾನು ಅಲ್ಲಿ 20 ವರ್ಷದ ಸಾಲ ಮಾಡುವುದಿಲ್ಲ.

ತ್ರಾಸಿಯವಳು:
@ಮರಳುದಿಬ್ಬ ನಿಮ್ಮ ಮಾತು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ಒಂದು ಪ್ರಶ್ನೆ ಇದೆ. ನಮ್ಮ ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ 66. ಹಿಂದೆ ಸರಿಯಿರಿ ಎಂದರೆ ಎಲ್ಲಿಗೆ ಸರಿಯುವುದು? ನದಿಗೆ ಇಳಿಯಬೇಕಷ್ಟೆ. ಇಲ್ಲಿ ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಗ್ರಾಯ್ನ್ ಹಾಕಿದ ಮೇಲೆ ಹೆದ್ದಾರಿಗೆ ಒಂದಿಷ್ಟು ಉಸಿರು ಬಂದಿದೆ. ನಡುವೆ ಮರಳೂ ಕೂತಿದೆ. ಆದ್ದರಿಂದ ಕಲ್ಲು ಅಂದರೆ ಎಲ್ಲ ಕಡೆ ಕೆಟ್ಟದ್ದು ಅನ್ನಬೇಡಿ.

ಮೀನು ಮಾರುವವರ ಕಡೆಯಿಂದಲೂ ಒಂದು ಮಾತು. ಕಲ್ಲು ಹಾಕಿದ ಜಾಗದಲ್ಲಿ ಕೈರಂಪಣಿ (ದಡದಲ್ಲಿ ನಿಂತು ಎಳೆಯುವ ಬಲೆ) ಎಳೆಯಲು ಬರುವುದಿಲ್ಲ. ನಾಡದೋಣಿ ದಡಕ್ಕೆ ತರಲು ಆಗುವುದಿಲ್ಲ. ಮೀನು ಒಣಗಿಸಲು ಜಾಗ ಇಲ್ಲ. ಒಣಮೀನಿನ ಕೆಲಸ ಮಾಡುವವರು ಹೆಂಗಸರು. ಜಾಗ ಹೋದರೆ ಮೊದಲು ಹೋಗುವುದು ಅವರ ದುಡಿಮೆ. ಪರಿಹಾರದ ಪಟ್ಟಿಯಲ್ಲಿ ಬಿದ್ದ ಮನೆ ಇರುತ್ತದೆ, ಸತ್ತ ಮರ ಇರುತ್ತದೆ, ಒಡೆದ ದೋಣಿ ಇರುತ್ತದೆ. ಮೀನು ಒಣಗಿಸುವ ಮರಳು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಬೆಂಗಳೂರ್‌ವಾಸಿ:
ಗೊತ್ತಿಲ್ಲದೆ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ವರ್ಷಕ್ಕೆ ನಾಲ್ಕು ಮಿಲಿಮೀಟರ್ ಅಂದರೆ ಅಷ್ಟು ಹೆದರಬೇಕಾ? ಉಬ್ಬರ-ಇಳಿತದಲ್ಲೇ ದಿನಾ ಅದಕ್ಕಿಂತ ಎಷ್ಟೋ ಪಟ್ಟು ಏರಿಳಿಯುತ್ತದೆ ಅಲ್ವಾ? ಮಳೆಗಾಲದಲ್ಲಿ ಕಡಲ್ಕೊರೆತ ನಮ್ಮಜ್ಜನ ಕಾಲದಲ್ಲೂ ಇತ್ತು.

ಮರಳುದಿಬ್ಬ:
ಒಳ್ಳೆಯ ಪ್ರಶ್ನೆ. ಹುಣ್ಣಿಮೆ-ಅಮಾವಾಸ್ಯೆಯ ಉಬ್ಬರದಲ್ಲಿ ಮಂಗಳೂರಿನಲ್ಲಿ ನೀರು ಸುಮಾರು ಒಂದೂವರೆ ಮೀಟರ್ ಏರಿಳಿಯುತ್ತದೆ, ಕಾರವಾರದಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ತೀರದ ಬದುಕು ಈ ಏರಿಳಿತಕ್ಕೆ ಹೊಂದಿಕೊಂಡೇ ಬೆಳೆದಿದೆ. ಮನೆ ಎಲ್ಲಿ, ಬಾವಿ ಎಲ್ಲಿ, ದೋಣಿ ಎಲ್ಲಿ ಎನ್ನುವುದನ್ನು ಹಿರಿಯರು ಅದನ್ನು ನೋಡಿಯೇ ಇಟ್ಟಿದ್ದಾರೆ. ಅಪಾಯ ಬರುವುದು ಸರಾಸರಿ ದಿನದಲ್ಲಿ ಅಲ್ಲ. ದೊಡ್ಡ ಉಬ್ಬರ, ಮಳೆಗಾಲದ ದೊಡ್ಡ ಅಲೆ, ಚಂಡಮಾರುತದ ಗಾಳಿ ಮೂರೂ ಒಂದೇ ರಾತ್ರಿ ಕೂಡಿದಾಗ. ಅಂಥ ರಾತ್ರಿ ಹಿಂದೆ ಅಲೆ ಅಂಗಳದ ಕಟ್ಟೆಯವರೆಗೆ ಬಂದು ವಾಪಸಾಗುತ್ತಿತ್ತು. ತಳದ ಮಟ್ಟ ಹತ್ತು ಸೆಂಟಿಮೀಟರ್ ಏರಿದ ಮೇಲೆ ಅದೇ ಅಲೆ ಕಟ್ಟೆ ದಾಟುತ್ತದೆ. ಒಮ್ಮೆ ದಾಟಿದರೆ ಅಡಿಪಾಯದ ಮರಳು ಎಳೆದುಕೊಂಡು ಹೋಗುತ್ತದೆ.

ಅರಬ್ಬಿ ಸಮುದ್ರವೂ ಮೊದಲಿನಂತಿಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ಅಧ್ಯಯನದ ಪ್ರಕಾರ 2001ರಿಂದ 2019ರ ಅವಧಿಯಲ್ಲಿ ಇಲ್ಲಿನ ಚಂಡಮಾರುತಗಳು ಹಿಂದಿನ ಎರಡು ದಶಕಕ್ಕಿಂತ ಶೇ 52ರಷ್ಟು ಹೆಚ್ಚಾಗಿವೆ. 2017ರ ಒಖಿ, 2019ರ ಕ್ಯಾರ್, 2021ರ ತೌಕ್ತೆ ನೆನಪಿರಬಹುದು. ಅಜ್ಜನ ಕಾಲದಲ್ಲಿ ಕಡಲು ಮಳೆಗಾಲದಲ್ಲಿ ತಿಂದ ಮರಳನ್ನು ಚಳಿಗಾಲದಲ್ಲಿ ತಿರುಗಿ ತಂದು ಹಾಕುತ್ತಿತ್ತು. ಈಗ ಹಲವು ಕಡೆ ಹೋದದ್ದು ಪೂರ್ತಿ ವಾಪಸ್ ಬರುತ್ತಿಲ್ಲ.

ಕಾರವಾರ ಮಾಸ್ತರು:
ಮರಳು ಯಾಕೆ ವಾಪಸ್ ಬರುತ್ತಿಲ್ಲ ಎನ್ನುವುದಕ್ಕೆ ಘಟ್ಟದ ಕಡೆಯೂ ನೋಡಬೇಕು. ಕಡಲಿನ ಮರಳು ಆಕಾಶದಿಂದ ಬೀಳುವುದಿಲ್ಲ, ಹೊಳೆ ತರಬೇಕು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಬಂದವು. ಮೇಲಿನಿಂದ ಬರುವ ಮರಳು ಆಣೆಕಟ್ಟಿನ ಹಿಂದೆ ಕೂತಿತು. ಕೆಳಗೆ ಉಳಿದದ್ದನ್ನು ನಾವು ಟಿಪ್ಪರ್‌ನಲ್ಲಿ ತುಂಬಿಸಿ ಕಳಿಸಿದೆವು. ಮನೆ ಕಟ್ಟಲು ಹೊಳೆಯ ಮರಳು, ಆ ಮನೆ ಉಳಿಸಲು ಗುಡ್ಡದ ಕಲ್ಲು. ಒಂದು ಸಲ ಒಂದು ಹೊಳೆಯ ದಡದಲ್ಲಿ ನಿಂತು ನೋಡಿ. ಮರಳು ಹೋಗುವ ಲಾರಿ, ಬಂಡೆ ಬರುವ ಲಾರಿ ಒಂದೇ ದಾರಿಯಲ್ಲಿ ಎದುರು ಬದುರಾಗುತ್ತವೆ.

ಇನ್ನೊಂದು ಮಾತು, ಸ್ಥಳಾಂತರದ ಬಗ್ಗೆ. ನಮ್ಮ ಜಿಲ್ಲೆಗೆ ಇದರ ಅನುಭವ ಇದೆ. ನೌಕಾನೆಲೆಗಾಗಿ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಹಾಕಿದರು. ಕಾರವಾರ-ಅಂಕೋಲೆ ನಡುವೆ ಸಾವಿರಾರು ಕುಟುಂಬ ಊರು ಬಿಟ್ಟವು. ಕಾರಣ ಬೇರೆ, ಆದರೆ ಪಾಠ ಒಂದೇ. ಪರಿಹಾರದ ಮೊತ್ತಕ್ಕಾಗಿ ಜನ ದಶಕಗಳ ಕಾಲ ಕೋರ್ಟು ಅಲೆದರು. ಕಡಲಿನಿಂದ ದೂರ ಹೋದ ಮೀನುಗಾರನಿಗೆ ಮನೆ ಸಿಕ್ಕಿತು, ಕಸುಬು ಸಿಗಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ದೋಣಿಗೆ ಹೋಗುವವನು ಬಸ್ಸು ಕಾಯುವ ಹಾಗಿಲ್ಲವಲ್ಲ! ಆದ್ದರಿಂದ ಕಡಲಬದಿಯವರೇ, ನಿಮ್ಮ ತಂದೆಯವರದು ಹಟ ಅಂತ ತಿಳಿಯಬೇಡಿ. ಅವರು ಲೆಕ್ಕ ಹಾಕಿಯೇ ಹೇಳುತ್ತಿದ್ದಾರೆ.

ಗಜನಿಗದ್ದೆ:
ಎಲ್ಲರೂ ದಡ ಕೊಚ್ಚಿ ಹೋಗುವ ಬಗ್ಗೆ ಮಾತಾಡುತ್ತಿದ್ದೀರಿ. ಸಮುದ್ರ ಏರಿದರೆ ಮೊದಲು ಒಳಗೆ ಬರುವುದು ಉಪ್ಪು. ಅದು ಹೊಳೆಯ ದಾರಿಯಲ್ಲಿ, ಸದ್ದಿಲ್ಲದೆ ಬರುತ್ತದೆ. ಪೇಪರಿನಲ್ಲಿ ಫೋಟೊ ಬರುವುದಿಲ್ಲ.

ನಮ್ಮದು ಕುಮಟಾ ತಾಲ್ಲೂಕು, ಅಘನಾಶಿನಿ ಹಿನ್ನೀರಿನ ಗಜನಿ ಪ್ರದೇಶ, ಅಂದರೆ ಉಪ್ಪುನೀರು ಬಂದು ಹೋಗುವ ತಗ್ಗು ಗದ್ದೆ. ಈ ಹೊಳೆಗೆ ದೊಡ್ಡ ಆಣೆಕಟ್ಟು ಇಲ್ಲ. ಅಳಿವೆಯ 4,801 ಹೆಕ್ಟೇರ್ ಈಗ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ, 2024ರಲ್ಲಿ. ಇಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪು ತಡೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಮೊಳಕೆ ಬರಿಸಿದ ಬೀಜ ಬಿತ್ತಿದರೆ ಆಯಿತು, ಗೊಬ್ಬರ ಬೇಡ, ಔಷಧಿ ಬೇಡ. ಮಳೆಯ ಸಿಹಿನೀರು ಉಪ್ಪನ್ನು ತೊಳೆಯುವ ಹೊತ್ತಿಗೆ ಬಿತ್ತಬೇಕು, ಮಳೆ ಮುಗಿದು ಉಪ್ಪು ಏರುವ ಮೊದಲು ಕೊಯ್ಯಬೇಕು. ಕೊಯ್ಲಾದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ ಸಿಗಡಿ, ಮೀನು. ಒಂದೇ ಗದ್ದೆ, ಎರಡು ಬದುಕು.

ಇದೆಲ್ಲ ನಿಂತಿರುವುದು ಕಟ್ಟೆಯ ಮೇಲೆ. ಮೊದಲು ಊರವರೇ ಮಣ್ಣಿನ ಕಟ್ಟೆ ಹಾಕಿ, ವರ್ಷ ವರ್ಷ ದುರಸ್ತಿ ಮಾಡುತ್ತಿದ್ದರು. ಆಮೇಲೆ ಉಪ್ಪುನೀರು ತಡೆಯುವ ಸರ್ಕಾರದ ಖಾರ್‌ಲ್ಯಾಂಡ್ ಕಟ್ಟೆ ಬಂತು. ಊರವರ ಕೈ ಬಿಟ್ಟಿತು. ಕಟ್ಟೆ ಎಲ್ಲಿ ಒಡೆಯಿತೋ ಅಲ್ಲಿ ಗದ್ದೆ ಬೆಳೆ ಇಲ್ಲದೆ ಹಡ್ಲು ಬಿತ್ತು. ದೊಡ್ಡ ಉಬ್ಬರದಲ್ಲಿ ನೀರು ಈಗ ಹಳೆಯ ಕಟ್ಟೆಯ ತಲೆಯವರೆಗೆ ಬರುತ್ತದೆ. ಕಗ್ಗ ಎಷ್ಟು ಗಟ್ಟಿ ಆದರೂ ಅದಕ್ಕೂ ಒಂದು ಮಿತಿ ಇದೆ. ತೆನೆ ಒಡೆಯುವ ಹೊತ್ತಿಗೆ ಉಪ್ಪು ಏರಿದರೆ ಜೊಳ್ಳು.

ಮಾಣಿಕಟ್ಟಾದ ರೈತರು ಒಟ್ಟಾಗಿ ಕಗ್ಗ ಉಳಿಸಿಕೊಂಡಿದ್ದಾರೆ. ನನಗೆ ಅದರಲ್ಲಿ ದೊಡ್ಡ ಭರವಸೆ ಇದೆ. ಏರುವ ಕಡಲಿಗೆ ತಕ್ಕ ಬೀಜ ನಮ್ಮ ಕೈಯಲ್ಲೇ ಇದೆ. ಅದನ್ನು ಬೆಳೆಯುವವರಿಗೆ ಬೆಲೆ ಸಿಕ್ಕಿದರೆ ಅವರು ಕಟ್ಟೆಯನ್ನೂ ನೋಡಿಕೊಳ್ಳುತ್ತಾರೆ.

ಕುದ್ರುಮನೆ:
@ಗಜನಿಗದ್ದೆ ನೂರಕ್ಕೆ ನೂರು ನಿಜ. ನಾವು ಉಡುಪಿ ಜಿಲ್ಲೆಯ ಒಂದು ಕುದ್ರುವಿನಲ್ಲಿ ಇದ್ದೇವೆ. ಸುತ್ತ ಹೊಳೆ. ಮಾರ್ಚ್ ಬಂತೆಂದರೆ ಬಾವಿ ನೀರು ಬಾಯಿಗೆ ಹಾಕಲು ಆಗುವುದಿಲ್ಲ. ಅಕ್ಕಿ ಬೇಯುವುದಿಲ್ಲ, ಚಹಾ ಒಡೆಯುತ್ತದೆ. ಟ್ಯಾಂಕರ್ ಬರುವವರೆಗೆ ದೋಣಿಯಲ್ಲಿ ಕೊಡ ತರುವುದು. ಸಮುದ್ರ ಏರಿದ್ದರಿಂದ ಹೀಗಾಯಿತಾ, ಬೋರ್‌ವೆಲ್ ಜಾಸ್ತಿ ಆದದ್ದರಿಂದಾ? ಯಾರಾದರೂ ಬಿಡಿಸಿ ಹೇಳಿ.

ಮರಳುದಿಬ್ಬ:
ಎರಡೂ ಸೇರಿ. ತೀರದ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಹಾಲಿನ ಮೇಲೆ ಕೆನೆ ಕೂತ ಹಾಗೆ. ಸಿಹಿನೀರು ಹಗುರ. ಸಮುದ್ರ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತಿದ್ದರೆ, ಮಟ್ಟದ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿನೀರೇ ಇರುತ್ತದೆ. ಈ ಲೆಕ್ಕ ತಿರುಗಿಸಿ ನೋಡಿ. ಪಂಪು ಹಾಕಿ ಬಾವಿಯ ಮಟ್ಟವನ್ನು ಒಂದಡಿ ಇಳಿಸಿದರೆ, ಉಪ್ಪು ಕೆಳಗಿನಿಂದ ನಲವತ್ತು ಅಡಿಯಷ್ಟು ಮೇಲೆ ಬರಲು ದಾರಿ ಆಗುತ್ತದೆ. ಕಡಲು ಏರಿದಾಗ ನೆಲದೊಳಗಿನ ಸಿಹಿನೀರೂ ಜೊತೆಗೆ ಏರಲು ಜಾಗ ಇದ್ದರೆ ಅಷ್ಟು ತೊಂದರೆ ಇಲ್ಲ. ಕುದ್ರುವಿನಂತಹ ತಗ್ಗು ನೆಲದಲ್ಲಿ ಆ ಜಾಗವೇ ಇರುವುದಿಲ್ಲ.

ಕಡಲಿನ ಏರಿಕೆಯನ್ನು ಪಂಚಾಯ್ತಿ ತಡೆಯಲು ಆಗುವುದಿಲ್ಲ. ಆದರೆ ಬೋರ್‌ವೆಲ್ ಎಷ್ಟು ಆಳ, ಎಷ್ಟು ಹೊತ್ತು ಎನ್ನುವುದನ್ನು ಊರವರು ಕೂತು ಮಾತಾಡಬಹುದು. ಮಳೆನೀರನ್ನು ತೆರೆದ ಬಾವಿಗೆ ಇಳಿಸಿದರೆ ಬೇಸಿಗೆಗೆ ಕೆಲವು ವಾರ ಹೆಚ್ಚು ಸಿಗುತ್ತದೆ. ಆಳದ ಬೋರ್ ಕೊರೆದರೆ ಇದ್ದದ್ದೂ ಹೋಗುತ್ತದೆ.

ಡಚ್ಚರೂರಿನ ಕನ್ನಡಿಗ:
ನಾನು ಶಿರಾಲಿಯವನು, ಈಗ ನೆದರ್‌ಲ್ಯಾಂಡ್ಸ್‌ನಲ್ಲಿ ಇದ್ದೇನೆ. ಈ ದೇಶದ ಸುಮಾರು ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. 1953ರ ಒಂದು ರಾತ್ರಿಯ ಪ್ರವಾಹದಲ್ಲಿ ಇಲ್ಲಿ 1,836 ಜನ ಸತ್ತರು. ಆಮೇಲೆ ದೊಡ್ಡ ದೊಡ್ಡ ಬಾಗಿಲು, ಅಣೆಕಟ್ಟು ಕಟ್ಟಿದರು. ಆದರೆ ತೆರೆದ ಮರಳಿನ ತೀರದಲ್ಲಿ ಇವರು ನಂಬುವುದು ಮರಳನ್ನು. ಪ್ರತಿ ವರ್ಷ ಸಮುದ್ರದ ಆಳದಿಂದ ಮರಳು ತೆಗೆದು ದಡಕ್ಕೆ ಹಾಕುತ್ತಾರೆ. 2011ರಲ್ಲಿ ಹೇಗ್ ನಗರದ ದಕ್ಷಿಣಕ್ಕೆ ಒಂದೇ ಕಡೆ ಸುಮಾರು 2.15 ಕೋಟಿ ಘನ ಮೀಟರ್ ಮರಳು ಸುರಿದರು. ಅಲೆ, ಗಾಳಿ ಅದನ್ನು ನಿಧಾನವಾಗಿ ಅಕ್ಕಪಕ್ಕದ ದಡಗಳಿಗೆ ಹಂಚುತ್ತಿದೆ. ಜಾಂಡ್‌ಮೋಟರ್ ಎನ್ನುತ್ತಾರೆ.

ನಮ್ಮಲ್ಲಿ ಅಷ್ಟು ಹಣ ಇಲ್ಲ, ನಮ್ಮ ಮಳೆಗಾಲದ ಕಡಲೂ ಬೇರೆ. ಆದರೆ ಬಂದರಿನ ಹೂಳು ಪ್ರತಿ ವರ್ಷ ತೆಗೆಯುತ್ತೇವಲ್ಲ? ಅದರಲ್ಲಿ ಒಳ್ಳೆಯ ಮರಳು ಇದ್ದರೆ ದೂರದ ಕಡಲಿಗೆ ಸುರಿಯುವ ಬದಲು ಕೊರೆಯುತ್ತಿರುವ ದಡಕ್ಕೆ ತಂದು ಹಾಕಬಹುದಲ್ಲ? ಒಂದು ಕಡೆ ಮರಳು ಕಟ್ಟಿಕೊಂಡಿದೆ, ಇನ್ನೊಂದು ಕಡೆ ಇಲ್ಲ. ಗೋಡೆ ದಾಟಿಸುವ ಕೆಲಸ ನಾವೇ ಮಾಡಬೇಕು.

ಇನ್ನೊಂದು ಕಥೆ ಹೇಳಬೇಕು. ಇಲ್ಲಿ ಓವರ್‌ಡೀಪ್ ಎಂಬ ಕಡೆ ನದಿಗೆ ಜಾಗ ಬಿಟ್ಟುಕೊಡಿ ಎಂದು ಸರ್ಕಾರ ರೈತರನ್ನು ಕೇಳಿತು. ರೈತರು ಸುಮ್ನೆ ಬೇಡ ಅನ್ನಲಿಲ್ಲ. ತಾವೇ ಯೋಜನೆ ಮಾಡಿ ಮುಂದಿಟ್ಟರು: ಎತ್ತರದ ಮಣ್ಣಿನ ದಿಬ್ಬ ಹಾಕಿಸಿಕೊಡಿ, ಅದರ ಮೇಲೆ ಮನೆ-ಕೊಟ್ಟಿಗೆ ಕಟ್ಟುತ್ತೇವೆ, ನೆರೆ ಬಂದಾಗ ನೀರು ಗದ್ದೆಯಲ್ಲಿ ಹರಿದು ಹೋಗಲಿ. ಕೆಲವರು ಪರಿಹಾರ ತೆಗೆದುಕೊಂಡು ಬೇರೆ ಕಡೆ ಹೋದರು. ಕೆಲವರು ದಿಬ್ಬದ ಮೇಲೆ ಉಳಿದರು. ಇಬ್ಬರಿಗೂ ದಾರಿ ಇತ್ತು.

ತ್ರಾಸಿಯವಳು:
ಅದು ನೆದರ್‌ಲ್ಯಾಂಡ್ಸ್. ಇಲ್ಲಿ ಯಾರು ಕೇಳುತ್ತಾರೆ? ಮಳೆಗಾಲ ಶುರುವಾದ ಮೇಲೆ ಲಾರಿ ಕಲ್ಲು ಬರುತ್ತದೆ. ತುರ್ತು ಕಾಮಗಾರಿ. ಮರುವರ್ಷ ಆ ಕಲ್ಲು ಮರಳಿನಲ್ಲಿ ಹೂತು ಕಾಣೆಯಾಗಿರುತ್ತದೆ. ಮತ್ತೆ ಲಾರಿ ಬರುತ್ತದೆ. ನಮ್ಮನ್ನು ಯಾರೂ ಒಂದು ಮಾತು ಕೇಳಿಲ್ಲ.

ಪಂಚಾಯ್ತಿ ಸದಸ್ಯೆ:
@ತ್ರಾಸಿಯವಳು ನಿಮ್ಮ ಸಿಟ್ಟು ಸರಿ. ಆದರೆ ಕೇಳಲು ಹಿಡಿತ ಸಿಗುವಂಥ ಕೆಲವು ವಿಷಯ ಇವೆ. ಗ್ರಾಮಸಭೆಯಲ್ಲಿ ನಾನು ಎತ್ತುವುದು ಇವನ್ನೇ.

15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊರೆತಕ್ಕೆಂದೇ ಹಣ ಶಿಫಾರಸು ಮಾಡಿತ್ತು. ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ. ಇಡೀ ದೇಶಕ್ಕೆ, ನದಿ ಮತ್ತು ಕಡಲು ಎರಡಕ್ಕೂ ಸೇರಿ. ಸಣ್ಣ ಮೊತ್ತವೇ. ಆದರೆ ಕೊರೆತದಿಂದ ಜಾಗ ಹೋದವರಿಗೂ ಪುನರ್ವಸತಿ ಕೊಡಬೇಕು ಎನ್ನುವ ತತ್ವ ಬರಹದಲ್ಲಿ ಬಂತು. ನಮ್ಮಲ್ಲಿ ಮನೆ ಬಿದ್ದರೆ ಪರಿಹಾರ ಇದೆ. ಮನೆ ಇದ್ದ ನೆಲವೇ ಕಡಲು ಪಾಲಾದರೆ ಏನು? ಪಹಣಿಯಲ್ಲಿ ಸರ್ವೆ ನಂಬರ್ ಇರುತ್ತದೆ, ಅಲ್ಲಿ ಹೋಗಿ ನೋಡಿದರೆ ನೀರು.

ಪಕ್ಕದ ಕೇರಳ ನೋಡಿ. ಅವರು ಕಡಲ್ಕೊರೆತವನ್ನು ರಾಜ್ಯದ ವಿಪತ್ತಿನ ಪಟ್ಟಿಗೆ ಸೇರಿಸಿದ್ದಾರೆ. ಉಬ್ಬರದ ಗೆರೆಯಿಂದ 50 ಮೀಟರ್ ಒಳಗಿರುವ ಮೀನುಗಾರ ಕುಟುಂಬಗಳಿಗೆ 'ಪುನರ್ಗೇಹಂ' ಯೋಜನೆ ಮಾಡಿದ್ದಾರೆ. ಜಾಗ ಮತ್ತು ಮನೆಗೆ ಸೇರಿ ಒಂದು ಕುಟುಂಬಕ್ಕೆ ಹತ್ತು ಲಕ್ಷ. ಅಲ್ಲೂ ದೂರು ಇವೆ: ಹತ್ತು ಲಕ್ಷಕ್ಕೆ ಕಡಲ ಹತ್ತಿರ ಜಾಗ ಸಿಗುವುದಿಲ್ಲ, ಫ್ಲ್ಯಾಟಿನಲ್ಲಿ ಬಲೆ ಇಡಲು ಜಾಗ ಇಲ್ಲ ಎಂದು. ಆದರೂ ಮಾತಾಡಲು ಒಂದು ಯೋಜನೆ ಇದೆ. ಒಡಿಶಾದ ಸತಭಾಯಾ ಎಂಬ ಊರುಗಳ ಗುಂಪನ್ನು ಕಡಲು ನುಂಗಿದಾಗ ಐನೂರಕ್ಕೂ ಹೆಚ್ಚು ಕುಟುಂಬಗಳನ್ನು ಬಗಪಾಟಿಯಾ ಎಂಬಲ್ಲಿಗೆ ಸರ್ಕಾರವೇ ಸಾಗಿಸಿತು. ಮನೆ ಸಿಕ್ಕಿತು, ಗದ್ದೆ ಸಿಗಲಿಲ್ಲ, ಗಂಡಸರು ಕೂಲಿಗೆ ದೂರದ ರಾಜ್ಯಗಳಿಗೆ ಹೋದರು. ಮಾಸ್ತರು ಹೇಳಿದ ಮಾತೇ.

ಕಡಲಬದಿಯವರೇ, ಮನೆ ಕೆಡವುವ ಮೊದಲು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ನೋಡಿ. 2019ರ ಅಧಿಸೂಚನೆಯಲ್ಲಿ ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಿಗೆ ಹೊಸ ಕಟ್ಟಡದ ನಿರ್ಬಂಧದ ಗೆರೆ, ಉಬ್ಬರದ ಗೆರೆಯಿಂದ ಲೆಕ್ಕ ಹಾಕಿದರೆ, 200 ಮೀಟರ್‌ನಿಂದ 50 ಮೀಟರ್‌ಗೆ ಇಳಿದಿದೆ. ನಿರ್ಬಂಧದ ಪಟ್ಟಿಯೊಳಗೆ ಅನುಮತಿ ಇರುವ ಹಳೆಯ ಮನೆಯನ್ನು ಇದ್ದಷ್ಟೇ ಅಳತೆಯಲ್ಲಿ ದುರಸ್ತಿ ಮಾಡಬಹುದು, ದೊಡ್ಡದು ಮಾಡುವ ಹಾಗಿಲ್ಲ. ಹಳೆಯ ಮನೆಗೆ ಕಾಗದ ಸರಿ ಇಲ್ಲದಿದ್ದರೆ ಕೆಡವಿದ ಮೇಲೆ ಕಷ್ಟ. ಇನ್ನೂ ಒಂದು. ಸರ್ವೆ ಆಫ್ ಇಂಡಿಯಾದವರು ಸಮುದ್ರ ಮಟ್ಟದ ಏರಿಕೆ ಮತ್ತು ಕೊರೆತ ಎರಡನ್ನೂ ಲೆಕ್ಕ ಹಾಕಿ 'ಅಪಾಯದ ಗೆರೆ' ಗುರುತಿಸಿದ್ದಾರೆ. ಅದು ನಿಷೇಧದ ಗೆರೆ ಅಲ್ಲ, ಯೋಜನೆ ಮಾಡಲು ಬಳಸುವ ಗೆರೆ. ನಕ್ಷೆಯಲ್ಲಿ ನಿಮ್ಮ ಮನೆ ಆ ಗೆರೆಯ ಯಾವ ಕಡೆ ಇದೆ ಎಂದು ಕೇಳುವ ಹಕ್ಕು ನಿಮಗಿದೆ.

ಬೆಂಗಳೂರ್‌ವಾಸಿ:
50 ಮೀಟರ್‌ಗೆ ಇಳಿಸಿದ್ದು ಮೀನುಗಾರರಿಗೆ ಅನುಕೂಲ ಅಲ್ವಾ?

ಪಂಚಾಯ್ತಿ ಸದಸ್ಯೆ:
ಕಾಗದದಲ್ಲಿ ಅನುಕೂಲ. ತಲೆಮಾರಿನಿಂದ ಇದ್ದವರ ಮನೆಗೆ ನಂಬರ್ ಸಿಗುತ್ತದೆ. ಆದರೆ ಅದೇ ಬಾಗಿಲಿನಿಂದ ಹೊರಗಿನ ದುಡ್ಡೂ ಬರುತ್ತದೆ. ದಡದ ಜಾಗಕ್ಕೆ ಬೆಲೆ ಏರುತ್ತದೆ. ಮೀನುಗಾರ ಮಾರಿ ಒಳಗೆ ಹೋಗುತ್ತಾನೆ, ಹೋಮ್‌ಸ್ಟೇ ಬರುತ್ತದೆ, ಅದನ್ನು ಉಳಿಸಲು ಸಾರ್ವಜನಿಕ ಹಣದ ಗೋಡೆ ಬರುತ್ತದೆ. ಕಡಲು ಹತ್ತಿರ ಬರುತ್ತಿರುವ ಕಾಲದಲ್ಲಿ ನಾವು ಕಡಲಿಗೆ ಹತ್ತಿರ ಹೋಗುತ್ತಿದ್ದೇವೆ. ನನಗಂತೂ ಇದು ಸರಿ ಕಾಣುವುದಿಲ್ಲ. ಬೆಂಗಳೂರಿನ ಸಿಸ್ಟೆಪ್ ಎಂಬ ಅಧ್ಯಯನ ಸಂಸ್ಥೆ 2024ರಲ್ಲಿ ಕೊಟ್ಟ ವರದಿಯಲ್ಲಿ 2040ರ ಹೊತ್ತಿಗೆ ಮಂಗಳೂರು, ಉಡುಪಿಯಂಥ ಊರುಗಳ ಶೇ 1ರಿಂದ 5ರಷ್ಟು ನೆಲ ಮುಳುಗಬಹುದು ಎಂದಿದೆ. 2040 ಅಂದರೆ ಈಗ ಶಾಲೆಗೆ ಹೋಗುವ ಮಕ್ಕಳು ಮನೆ ಕಟ್ಟುವ ಹೊತ್ತು.

ಹಳೇಬಂದರು:
ಮಂಗಳೂರಿನ ಹಳೇ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ತುಂಬುವ ಕೆಲಸ ನೋಡಿಕೊಂಡು ಬೆಳೆದವನು ನಾನು. ಜಲ್ಲಿ, ಸಿಮೆಂಟು, ತರಕಾರಿ ಎಲ್ಲ ಇಲ್ಲಿಂದ ಹೋಗುತ್ತದೆ. ಆ ದ್ವೀಪಗಳು ಸಮುದ್ರದಿಂದ ಒಂದೆರಡು ಮೀಟರ್ ಮೇಲಿವೆ ಅಷ್ಟೆ. ಅಲ್ಲಿ ಬಂಗಾರಂ ಹತ್ತಿರ ಪರಳಿ-1 ಎಂಬ ಜನವಸತಿ ಇಲ್ಲದ ಸಣ್ಣ ದ್ವೀಪ ಪೂರ್ತಿ ಕೊಚ್ಚಿಹೋಗಿದೆ. ಅಲ್ಲಿಯವರಿಗೆ ಒಳಗೆ ಸರಿಯಲು ಒಳಗೆ ಎನ್ನುವುದೇ ಇಲ್ಲ. ನಮಗೆ ಬೆನ್ನಿಗೆ ಘಟ್ಟ ಇದೆ. ಅದನ್ನು ನೆನಪಿಟ್ಟುಕೊಂಡು ಬೇಗ ನಿರ್ಧಾರ ಮಾಡಿ ಎನ್ನುತ್ತೇನೆ.

ಗಜನಿಗದ್ದೆ:
ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಮಾತು ಯಾರೂ ಎತ್ತಲಿಲ್ಲ. ಅಳಿವೆಯ ಒಳಗೆ, ಹೊಳೆಯ ದಡದಲ್ಲಿ ಕಾಂಡ್ಲಾ ಇದ್ದರೆ ಕಟ್ಟೆ ಉಳಿಯುತ್ತದೆ, ಬಳಚು-ಸಿಗಡಿ ಮರಿಗೂ ಜಾಗ. ಕಗ್ಗದ ಕಟ್ಟೆಯ ಹೊರಗೆ ಅದು ನಮಗೆ ಬೇಲಿ. ಆದರೆ ಅದನ್ನು ಉಚ್ಚಿಲದ ತೆರೆದ ಮರಳಿನಲ್ಲಿ ನೆಟ್ಟರೆ ಬರುವುದಿಲ್ಲ. ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿ ಎಲ್ಲೆಂದರಲ್ಲಿ ನೆಡಿಸಿ ಫೋಟೊ ತೆಗೆಯುವವರನ್ನು ನೋಡಿದರೆ ಬೇಜಾರಾಗುತ್ತದೆ. ಮರಳಿನಲ್ಲಿ ಬಂಗುಡೆ ಬಳ್ಳಿ, ಮುಂಡುಕ ತಾವಾಗೇ ಹಬ್ಬುತ್ತವೆ, ಅವನ್ನು ಕೀಳದೆ ಬಿಟ್ಟರೆ ಸಾಕು.

ಕಡಲಬದಿಯವ:
ಎಲ್ಲರಿಗೂ ತುಂಬಾ ಧನ್ಯವಾದ. ನಿಮ್ಮೆಲ್ಲರ ಮಾತು ಅಪ್ಪನಿಗೆ ಓದಿ ಹೇಳಿದೆ. ಮಾಸ್ತರರ ಮಾತಿಗೆ ತಲೆ ಆಡಿಸಿದರು. ತಮ್ಮ ಸಾಲದ ಅರ್ಜಿ ತಡೆಹಿಡಿಯಲು ಒಪ್ಪಿದ್ದಾನೆ. ಈಗಿನ ಯೋಚನೆ ಹೀಗೆ: ರೈಲು ಹಳಿಯ ಆಚೆ ಸಣ್ಣ ಜಾಗ ನೋಡುವುದು, ಮಳೆಗಾಲದಲ್ಲಿ ಅಮ್ಮ ಮತ್ತು ಮಕ್ಕಳು ಅಲ್ಲಿರುವುದು. ಹಳೆ ಮನೆಗೆ ಹೊಸ ದುಡ್ಡು ಹಾಕದೆ ಬಲೆ, ಇಂಜಿನ್ ಇಡಲು ಬಳಸುವುದು. ಅಪ್ಪ ಕಡಲಿಗೆ ಹೋಗುವಷ್ಟು ದಿನ ಅಲ್ಲೇ ಇರುತ್ತಾರೆ. ದುಡ್ಡು ಹೊಂದಿಸುವುದು ಹೇಗೆ ಎನ್ನುವುದು ಇನ್ನೂ ತಲೆನೋವು.

ಅಪಾಯದ ಗೆರೆಯ ನಕ್ಷೆ ಕೇಳಿ ಅರ್ಜಿ ಹಾಕುತ್ತೇನೆ. ಒಬ್ಬನೇ ಕೇಳಿದರೆ ತೂಕ ಬರುವುದಿಲ್ಲ. ಉಳ್ಳಾಲದಿಂದ ತಲಪಾಡಿವರೆಗೆ ಕಡಲ ಬದಿಯಲ್ಲಿ ಇರುವವರು ಯಾರಾದರೂ ಇಲ್ಲಿ ಇದ್ದರೆ ಒಟ್ಟಿಗೆ ಕೇಳೋಣ. ದಡ ಎಷ್ಟು ಹೋಗಿದೆ ಎಂದು ಅಧಿಕಾರಿಗಳು ದಾಖಲೆ ಕೇಳಿದರೆ ಏನು ತೋರಿಸಬೇಕು?

ಮರಳುದಿಬ್ಬ:
ನೀವೇ ಅಳೆಯಿರಿ. ಕಷ್ಟ ಇಲ್ಲ. ಅಲುಗಾಡದ ಒಂದು ಗುರುತು ಆರಿಸಿ: ದೈವದ ಕಟ್ಟೆಯ ಮೂಲೆ, ಗಟ್ಟಿ ಬಾವಿಯ ಕಟ್ಟೆ, ಹೀಗೆ. ಪ್ರತಿ ಅಮಾವಾಸ್ಯೆಯ ಇಳಿತದ ಹೊತ್ತಿಗೆ ಅಲ್ಲಿಂದ ನೇರ ಕಡಲಿನ ಕಡೆ ಟೇಪು ಹಿಡಿಯಿರಿ. ಹುಲ್ಲು-ಬಳ್ಳಿ ಎಲ್ಲಿ ಮುಗಿಯುತ್ತದೆ, ಹಸಿ ಮರಳು ಎಲ್ಲಿ ಶುರುವಾಗುತ್ತದೆ, ಎರಡನ್ನೂ ಬರೆದಿಡಿ. ಅದೇ ಜಾಗದಲ್ಲಿ ನಿಂತು ಅದೇ ದಿಕ್ಕಿಗೆ ಒಂದು ಫೋಟೊ, ತಾರೀಖು ಬರುವ ಹಾಗೆ. ಒಂದು ಮಳೆಗಾಲ ನೋಡಿ ತೀರ್ಮಾನಿಸಬೇಡಿ, ಜನವರಿಯ ಅಳತೆಯನ್ನು ಮರುವರ್ಷದ ಜನವರಿಗೆ ಹೋಲಿಸಿ. ಆಗ ಮರಳು ವಾಪಸ್ ಬರುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಪಕ್ಕದ ಐದಾರು ಮನೆಯವರೂ ಹೀಗೇ ಮಾಡಿದರೆ ಇನ್ನೂ ಒಳ್ಳೆಯದು, ಒಂದು ಮನೆಯ ಅಳತೆ ಆ ಜಾಗದ ವಿಶೇಷ ಇರಬಹುದು.

ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದವರು 1990ರಿಂದ 2018ರವರೆಗಿನ ಉಪಗ್ರಹ ಚಿತ್ರ ಇಟ್ಟುಕೊಂಡು ದೇಶದ ತೀರ ಪೂರ್ತಿ ನೋಡಿದ್ದಾರೆ. ದೇಶದ ಮೂರನೇ ಒಂದು ಭಾಗ, ಕರ್ನಾಟಕದ ಸುಮಾರು ಕಾಲು ಭಾಗ ತೀರ ಕೊರೆಯುತ್ತಿದೆ ಎಂದು ಅವರ ಲೆಕ್ಕ. ಅದರ ನಕ್ಷೆಯನ್ನು ನಿಮ್ಮ ಅಳತೆಯ ಪಕ್ಕದಲ್ಲಿ ಇಟ್ಟು ಅರ್ಜಿಗೆ ಲಗತ್ತಿಸಿ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ದೊಡ್ಡ ಅಲೆಯ ಮುನ್ಸೂಚನೆ ಕೊಡುತ್ತದೆ. ಮಳೆ-ಗಾಳಿ ಇಲ್ಲದ ಬೇಸಿಗೆಯಲ್ಲೂ ದಕ್ಷಿಣದ ದೂರದ ಸಾಗರದಿಂದ ಅಲೆ ಬಂದು ದಡ ದಾಟುವುದುಂಟು. ಅದನ್ನೂ ಊರಿನ ವಾಟ್ಸಾಪ್ ಗುಂಪಿಗೆ ಹಾಕುವ ವ್ಯವಸ್ಥೆ ಮಾಡಿ. ಟೇಪು ಐವತ್ತು ಮೀಟರಿನದು ತೆಗೆದುಕೊಳ್ಳಿ, ನಾರಿನದು. ಕಬ್ಬಿಣದ್ದು ಉಪ್ಪು ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ.